ಟೆಕ್ಸಾಸ್‌ನಲ್ಲಿ ನಿಮ್ಮ ಜಮೀನಿನ ಪಕ್ಕ ‘ಮಡ್’ ಬಂದರೆ: ಯಾವ ಕಾಗದವನ್ನು ಯಾವಾಗ ಓದಬೇಕು

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಗೆಳೆಯರೊಬ್ಬರ ಫೋನ್ ಬಂತು. ಹಾಸನದ ಕಡೆಯವರು. ಹ್ಯೂಸ್ಟನ್‌ನಿಂದ ಪಶ್ಚಿಮಕ್ಕೆ, ಕೇಟಿ ದಾಟಿ ಇನ್ನೂ ಮುಂದೆ ಒಂಬತ್ತು ಎಕರೆ ಜಮೀನು ಮಾಡಿಕೊಂಡಿದ್ದಾರೆ. ಹುಲ್ಲು ಬೆಳೆಯುತ್ತಾರೆ, ನಾಲ್ಕು ಹಸು ಇವೆ, ಒಂದು ಬೋರ್‌ವೆಲ್ ಇದೆ.

“ಅಣ್ಣ, ವಕೀಲರ ಆಫೀಸಿನಿಂದ ಒಂದು ಲೆಟರ್ ಬಂದಿದೆ. ಪಕ್ಕದ ನಾನೂರು ಎಕರೆಯವರು ಏನೋ ಡಿಸ್ಟ್ರಿಕ್ಟ್ ಮಾಡ್ತಾರಂತೆ. ನನ್ನ ಸೈನ್ ಬೇಕಂತೆ. ಹಾಕಿಬಿಡ್ಲಾ?”

“ಬೇಡಪ್ಪ, ಸ್ವಲ್ಪ ತಡಿ. ನಾನೇ ಬರ್ತೀನಿ, ಕೂತು ಓದೋಣ” ಅಂದೆ.

ಅವರ ಅಡುಗೆಮನೆಯ ಟೇಬಲ್ ಮೇಲೆ ಆ ಲಕೋಟೆ ಬಿಚ್ಚಿ ಕೂತೆವು. ಎರಡು ಪುಟದ ಪತ್ರ, ಸಹಿಗೆ ಒಂದು ಪುಟ, ಕೊನೆಯಲ್ಲಿ ಒಂದು ನಕ್ಷೆ. ನಕ್ಷೆಯಲ್ಲಿ ದಪ್ಪ ಕಪ್ಪು ಗೆರೆ ಪಕ್ಕದ ಜಮೀನನ್ನು ಸುತ್ತಿಕೊಂಡು ಬಂದು, ಇವರ ಒಂಬತ್ತು ಎಕರೆಯನ್ನೂ ಒಳಗೆ ಹಾಕಿಕೊಂಡು, ಹಳ್ಳದ ತನಕ ಹೋಗಿತ್ತು. ಪತ್ರದಲ್ಲಿ ಎಲ್ಲೂ “ನಿಮ್ಮ ಜಮೀನಿಗೂ ತೆರಿಗೆ ಬೀಳುತ್ತದೆ” ಅಂತ ಬಿಡಿಸಿ ಬರೆದಿರಲಿಲ್ಲ. ಅವತ್ತು ನಾವು ಮಾಡಿದ್ದು, ಆಮೇಲೆ ಕಲಿತದ್ದು, ಮನೆ ಕೊಳ್ಳುವಾಗ ನಾನೇ ಕಲಿಯದೆ ಹೋದದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಹ್ಯೂಸ್ಟನ್, ಆಸ್ಟಿನ್, ಡಾಲಸ್ ಸುತ್ತಮುತ್ತ ಜಮೀನು ಅಥವಾ ಹೊಸ ಮನೆ ನೋಡುತ್ತಿರುವ ನಮ್ಮವರಿಗೆ ಇದು ಬೇಕಾಗುತ್ತದೆ.

ಮೊದಲಿಗೆ, ಮಡ್ ಅಂದರೆ ಏನು

ಪೂರ್ತಿ ಹೆಸರು ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಇಲ್ಲಿ ಎಲ್ಲರ ಬಾಯಲ್ಲೂ ಮಡ್. ನಗರದ ಪೈಪು ಮುಟ್ಟದ ಜಾಗದಲ್ಲಿ ಕುಡಿಯುವ ನೀರು, ಒಳಚರಂಡಿ, ಮಳೆನೀರಿನ ಕಾಲುವೆ ಮಾಡಿಸಲು ಹುಟ್ಟುವ ಸ್ಥಳೀಯ ಸಂಸ್ಥೆ ಇದು. ರಸ್ತೆ, ಪಾರ್ಕುಗಳನ್ನೂ ಮಾಡಿಸಬಹುದು. ಗಾತ್ರದಲ್ಲಿ ಒಂದು ಲೇಔಟಿನಷ್ಟೇ ಇರಬಹುದು, ಆದರೆ ಅಧಿಕಾರ ಸಣ್ಣದಲ್ಲ. ಸಾಲ ಎತ್ತಬಹುದು, ಆಸ್ತಿ ತೆರಿಗೆ ಹಾಕಬಹುದು, ಬೇಕಾದರೆ ಜಮೀನು ಸ್ವಾಧೀನಕ್ಕೂ ಹೋಗಬಹುದು. ಟೆಕ್ಸಾಸ್ ಸಂವಿಧಾನಕ್ಕೆ 1917ರಲ್ಲಿ ಬಂದ ತಿದ್ದುಪಡಿ ಇದರ ಬೇರು. ನಿಯಮಗಳೆಲ್ಲ ರಾಜ್ಯದ ವಾಟರ್ ಕೋಡ್‌ನ 49 ಮತ್ತು 54ನೇ ಅಧ್ಯಾಯಗಳಲ್ಲಿವೆ.

ಬೆಂಗಳೂರಿನ ಹೊರವಲಯದಲ್ಲಿ ಸೈಟು ಕೊಂಡವರಿಗೆ ಇದರ ಅಗತ್ಯ ಬೇಗ ಅರ್ಥವಾಗುತ್ತದೆ. ಲೇಔಟ್ ಆಗಿರುತ್ತದೆ, ಮನೆ ಎದ್ದಿರುತ್ತದೆ, ಕಾವೇರಿ ನೀರು ಮಾತ್ರ ಬಂದಿರುವುದಿಲ್ಲ. ವರ್ಷಗಟ್ಟಲೆ ಟ್ಯಾಂಕರ್. ಟೆಕ್ಸಾಸ್‌ನಲ್ಲಿ ಡೆವಲಪರ್ ಮೊದಲು ತನ್ನ ಹಣ ಹಾಕಿ ನೀರಿನ ಪ್ಲಾಂಟು, ಪೈಪು ಕಟ್ಟಿಸುತ್ತಾನೆ. ಒಂದಷ್ಟು ಮನೆ ಎದ್ದ ಮೇಲೆ ಮಡ್ ತನ್ನ ಬಾಂಡ್, ಅಂದರೆ ಸಾಲಪತ್ರ, ಮಾರುತ್ತದೆ, ಆ ಹಣದಲ್ಲಿ ಡೆವಲಪರ್‌ನ ಖರ್ಚು ತೀರಿಸುತ್ತದೆ. ಬಾಂಡಿನ ಅಸಲು, ಬಡ್ಡಿ ತೀರುವುದು ಗೆರೆಯೊಳಗಿನ ಆಸ್ತಿ ಮಾಲೀಕರ ತೆರಿಗೆಯಿಂದ. ಇಪ್ಪತ್ತು, ಇಪ್ಪತ್ತೈದು ವರ್ಷದ ಲೆಕ್ಕ.

ನಾನು ಮಡ್‌ಗೆ ವಿರೋಧಿ ಅಲ್ಲ. ನಮ್ಮ ಮನೆಯ ನಲ್ಲಿಯಲ್ಲಿ ಇಪ್ಪತ್ನಾಲ್ಕು ಗಂಟೆ ನೀರು ಬರುತ್ತಿರುವುದು ಅದರಿಂದಲೇ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ತೀರ್ಮಾನಗಳೆಲ್ಲ ಜಮೀನು ಖಾಲಿ ಬಿದ್ದಿರುವಾಗಲೇ ಆಗಿ ಹೋಗುತ್ತವೆ, ಹಣ ಕಟ್ಟುವವರು ಆಮೇಲೆ ಬರುತ್ತಾರೆ. ಪ್ರತಿ ಹಂತದಲ್ಲೂ ಮಾತಾಡಲು ಒಂದು ಗಡುವು ಇರುತ್ತದೆ. ಅದು ದಾಟಿದ ಮೇಲೆ ಎಷ್ಟು ಸರಿಯಾದ ಮಾತಾಡಿದರೂ ಉಪಯೋಗ ಕಡಿಮೆ.

ಹೆಜ್ಜೆ 1: ಗೆರೆಯ ಒಳಗಾ, ಹೊರಗಾ?

ಎಲ್ಲಕ್ಕಿಂತ ಮೊದಲು ನಕ್ಷೆ ನೋಡಿ. ಪತ್ರದ ಜೊತೆ ನಕ್ಷೆ ಇಲ್ಲದಿದ್ದರೆ ಕೇಳಿ ತರಿಸಿ. ಅದರ ಜೊತೆ ಚೆಕ್ಕುಬಂದಿಯ ಬರಹವೂ ಇರುತ್ತದೆ: ಇಂಥ ಕಬ್ಬಿಣದ ಗೂಟದಿಂದ ಇಷ್ಟು ಡಿಗ್ರಿಗೆ ಇಷ್ಟು ಅಡಿ, ಅಲ್ಲಿಂದ ಬೇಲಿಯಗುಂಟ ಇಷ್ಟು ಅಡಿ, ಹೀಗೆ. ಅದನ್ನು ನಿಮ್ಮ ಕ್ರಯಪತ್ರದ ಚೆಕ್ಕುಬಂದಿಯ ಜೊತೆ ಹೋಲಿಸಿ. ಸುಮ್ನೆ ಕಣ್ಣಂದಾಜಿನಲ್ಲಿ ನೋಡಬೇಡಿ. ಗೆಳೆಯರ ನಕ್ಷೆಯಲ್ಲಿ ಬಿಲ್ಲೆಯಷ್ಟಿದ್ದ ಜಾಗ ನೆಲದ ಮೇಲೆ ಅವರ ಬೋರ್‌ವೆಲ್ ಮತ್ತು ಕೊಟ್ಟಿಗೆ ಇರುವ ಮೂಲೆ.

ಆ ಜಾಗದಲ್ಲಿ ಈಗಾಗಲೇ ಮಡ್ ಇದೆಯಾ ಅಂತ ನೋಡಲು ಟೆಕ್ಸಾಸ್ ಕಮಿಷನ್ ಆನ್ ಎನ್ವಿರಾನ್‌ಮೆಂಟಲ್ ಕ್ವಾಲಿಟಿಯ ವೆಬ್‌ಸೈಟಿನಲ್ಲಿ ವಾಟರ್ ಡಿಸ್ಟ್ರಿಕ್ಟ್‌ಗಳ ಪಟ್ಟಿ ಇದೆ. ಪರಿಸರ ನೋಡಿಕೊಳ್ಳುವ ರಾಜ್ಯದ ಈ ಕಮಿಷನ್ನನ್ನು ಎಲ್ಲರೂ ಟಿಸಿಇಕ್ಯೂ ಅನ್ನುತ್ತಾರೆ, ನಾನೂ ಮುಂದೆ ಹಾಗೇ ಬರೆಯುತ್ತೇನೆ. ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಆಸ್ತಿಗಳಿಗೆ ಬೆಲೆ ಕಟ್ಟುವ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿದರೆ, ನಿಮ್ಮ ಆಸ್ತಿಗೆ ತೆರಿಗೆ ಹಾಕುವ ಪ್ರತಿಯೊಂದು ಸಂಸ್ಥೆಯ ಹೆಸರು ಸಾಲಾಗಿ ಬರುತ್ತದೆ. ನಮ್ಮ ಕಡೆ ಪಹಣಿ ತೆಗೆಸಿ ನೋಡಿದ ಹಾಗೆ, ಮೊದಲು ಅದನ್ನು ತೆಗೆದು ನೋಡಿ.

ಹೆಜ್ಜೆ 2: ಪಿಟಿಷನ್‌ಗೆ ಸಹಿ ಹಾಕುವ ಮುಂಚೆ

ಮಡ್ ಹುಟ್ಟಲು ಎರಡು ದಾರಿ. ಒಂದು, ಜಮೀನು ಮಾಲೀಕರು ಟಿಸಿಇಕ್ಯೂಗೆ ಪಿಟಿಷನ್ ಕೊಡುವುದು. ಇನ್ನೊಂದು, ರಾಜ್ಯ ಶಾಸನಸಭೆ ಆ ಮಡ್‌ಗಾಗಿಯೇ ಒಂದು ವಿಶೇಷ ಕಾನೂನು ಮಾಡುವುದು. ಟೆಕ್ಸಾಸ್ ಶಾಸನಸಭೆಯ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದ ಜನವರಿಯಿಂದ 140 ದಿನ. ಅಂಥ ಮಸೂದೆ ತರುವ ಕನಿಷ್ಠ 30 ದಿನ ಮುಂಚೆ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಬೆಸ ವರ್ಷದ ಹಿಂದಿನ ಚಳಿಗಾಲದಲ್ಲಿ ಪತ್ರಿಕೆಯ ಲೀಗಲ್ ನೋಟಿಸ್ ಪುಟದ ಮೇಲೆ ಕಣ್ಣಿಡಿ. ಈ ದಾರಿಯಲ್ಲಿ ನಿಮ್ಮ ಮಾತು ತಲುಪಬೇಕಾದ್ದು ನಿಮ್ಮ ಕ್ಷೇತ್ರದ ಶಾಸಕರ ಕಚೇರಿಗೆ.

ಪಿಟಿಷನ್ ದಾರಿಯಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು. ಸಹಿ ಬೇಕಿರುವುದು ತಲೆ ಎಣಿಕೆಯಿಂದ ಅಲ್ಲ, ಜಮೀನಿನ ಬೆಲೆಯಿಂದ. ಅಪ್ರೈಸಲ್ ಡಿಸ್ಟ್ರಿಕ್ಟ್‌ನ ತೆರಿಗೆ ಪಟ್ಟಿಯ ಪ್ರಕಾರ ಒಟ್ಟು ಬೆಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಇರುವವರು ಸಹಿ ಹಾಕಿದರೆ ಸಾಕು. ಮಾಲೀಕರು 50ಕ್ಕಿಂತ ಹೆಚ್ಚಿದ್ದರೆ 50 ಜನರ ಸಹಿ ಸಾಕು. ಅಂದರೆ ನಾನೂರು ಎಕರೆಯ ಒಬ್ಬ ಮಾಲೀಕ, ಒಂಬತ್ತು ಎಕರೆಯವರ ಸಹಿ ಇಲ್ಲದೆಯೂ ಪಿಟಿಷನ್ ಕೊಡಬಹುದು. ಹಾಗಿದ್ದರೂ ಸಣ್ಣವರ ಸಹಿ ಯಾಕೆ ಕೇಳುತ್ತಾರೆ? ಒಪ್ಪದವರು ಒಬ್ಬರಿದ್ದರೂ ಮುಂದೆ ವಿಚಾರಣೆ, ತಡ, ಖರ್ಚು ಎಲ್ಲ ಬರುತ್ತದೆ. ನಿಮ್ಮ ಸಹಿಗೆ ಬೆಲೆ ಇರುವುದು ಅಲ್ಲಿ. ಅದನ್ನು ತಿಳಿದುಕೊಂಡೇ ಮಾತಿಗೆ ಕೂರಿ.

ಕೇಳಬೇಕಾದ್ದು ಇಷ್ಟು. ನಮ್ಮ ಜಮೀನು ಒಳಗೆ ಯಾಕೆ ಬೇಕು? ಒಳಗೆ ಬಂದರೆ ನಮ್ಮ ಪಾಲಿಗೆ ಎಷ್ಟು ಮನೆಗಳಷ್ಟು ನೀರು, ಒಳಚರಂಡಿ ಸಾಮರ್ಥ್ಯ ಮೀಸಲು? ಪೈಪು ನಮ್ಮ ಬೇಲಿಯ ತನಕ ಬರುತ್ತದಾ, ಬಂದರೆ ಯಾರ ಖರ್ಚಿನಲ್ಲಿ? ಈಗಿರುವ ಬೋರ್‌ವೆಲ್, ಸೆಪ್ಟಿಕ್ ಟ್ಯಾಂಕ್ ಹಾಗೇ ಉಳಿಸಿಕೊಳ್ಳಬಹುದಾ? ಮೊದಲ ತೆರಿಗೆ ಯಾವ ವರ್ಷ, ಅಂದಾಜು ದರ ಎಷ್ಟು? ಉತ್ತರಗಳು ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಇರಲಿ. ಜಮೀನಿನ ಮೇಲೆ ಬ್ಯಾಂಕ್ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಕೇಳುತ್ತಾರೆ, ಹಾಗಾಗಿ ಅವರಿಗೂ ಮೊದಲೇ ತಿಳಿಸಿ. ಪತ್ರ ಕಳಿಸಿದ ವಕೀಲರು ಎಷ್ಟೇ ಚೆನ್ನಾಗಿ ಮಾತಾಡಿಸಿದರೂ ಅವರು ಆ ಕಡೆಯ ವಕೀಲರು. ಸಹಿಯ ಮಾತು ಬಂದಾಗ ನಿಮ್ಮ ಪರ ಒಬ್ಬರು ಓದಲಿ. ಅದಕ್ಕೆ ಆಗುವ ಖರ್ಚು ಒಂದು ವರ್ಷದ ಮಡ್ ತೆರಿಗೆಗಿಂತ ಕಡಿಮೆಯೇ ಇರುತ್ತದೆ ಅನ್ನುವುದು ನನ್ನ ಅನುಭವ.

ಮುಂದೆ ಮಾರುವ ಮನಸ್ಸಿದ್ದರೆ ಲೆಕ್ಕವೇ ಬೇರೆ. ನೀರು, ಚರಂಡಿ ಬೇಲಿಗೆ ಬಂದ ಜಮೀನಿಗೆ ಬೆಲೆ ಏರುತ್ತದೆ. ಆಗ ಒಳಗಿರುವುದೇ ಲಾಭ ಆಗಬಹುದು. ಆದರೆ ವ್ಯವಸಾಯದ ಲೆಕ್ಕದಲ್ಲಿ ತೆರಿಗೆ ಕಟ್ಟುತ್ತಿರುವ ಜಮೀನಿನ ಬಳಕೆ ಬದಲಾದರೆ ಹಿಂದಿನ ಮೂರು ವರ್ಷದ ವ್ಯತ್ಯಾಸವನ್ನು ಕಟ್ಟಬೇಕು, ಅದಕ್ಕೆ ರೋಲ್‌ಬ್ಯಾಕ್ ತೆರಿಗೆ ಅನ್ನುತ್ತಾರೆ. ಮೊದಲು ಅದು ಐದು ವರ್ಷಕ್ಕೆ ಇತ್ತು, 2019ರಲ್ಲಿ ಮೂರಕ್ಕೆ ಇಳಿಸಿದರು. 2021ರಲ್ಲಿ ಬಡ್ಡಿಯನ್ನೂ ತೆಗೆದರು. ಮಾರಾಟದ ಒಪ್ಪಂದದಲ್ಲಿ ಆ ರೋಲ್‌ಬ್ಯಾಕ್ ಕೊಳ್ಳುವವರ ಮೇಲಾ, ನಿಮ್ಮ ಮೇಲಾ ಅಂತ ಒಂದು ಸಾಲು ಇರಲೇಬೇಕು.

ಹೆಜ್ಜೆ 3: ನಗರ ಒಪ್ಪಿದೆಯಾ?

ಜಮೀನು ಒಂದು ನಗರದ ಒಳಗೆ ಅಥವಾ ಅದರ ಇಟಿಜೆ ಒಳಗಿದ್ದರೆ ಆ ನಗರದ ಲಿಖಿತ ಒಪ್ಪಿಗೆ ಬೇಕು. ಇಟಿಜೆ ಅಂದರೆ ನಗರದ ಗಡಿಯಾಚೆ ಅದರ ಮಾತು ನಡೆಯುವ ಪಟ್ಟಿ. ಲಕ್ಷ ಜನಸಂಖ್ಯೆ ಮೇಲ್ಪಟ್ಟ ನಗರಕ್ಕೆ ಅದು ಐದು ಮೈಲಿ. ನಗರ 90 ದಿನದಲ್ಲಿ ಒಪ್ಪದಿದ್ದರೆ, ಹಾಗಿದ್ದರೆ ನೀವೇ ನೀರು, ಚರಂಡಿ ಕೊಡಿ ಅಂತ ಕೇಳಬಹುದು. ಅದಕ್ಕೂ 120 ದಿನದಲ್ಲಿ ಒಪ್ಪಂದ ಆಗದಿದ್ದರೆ ಮುಂದೆ ಹೋಗಲು ಕಾನೂನಿನಲ್ಲಿ ದಾರಿ ಇದೆ. ಜೊತೆಗೆ 2023ರ ಸೆಪ್ಟೆಂಬರ್‌ನಿಂದ ಜಮೀನು ಮಾಲೀಕರೇ ಇಟಿಜೆಯಿಂದ ಬಿಡುಗಡೆ ಕೇಳುವ ಕಾನೂನು ಬಂದಿದೆ. ಹಾಗಾಗಿ “ನಗರ ತಡೆಯುತ್ತದೆ ಬಿಡಿ” ಅಂತ ನೆಮ್ಮದಿಯಾಗಿ ಕೂರಬೇಡಿ. ನಗರದ ಹೊರಗಿನ ಜಮೀನಾದರೆ ಕೌಂಟಿಯ ಆಡಳಿತ ಮಂಡಳಿಯಾದ ಕಮಿಷನರ್ಸ್ ಕೋರ್ಟ್ ಕೂಡ ಪಿಟಿಷನ್ ನೋಡಿ ತನ್ನ ಅಭಿಪ್ರಾಯ ಟಿಸಿಇಕ್ಯೂಗೆ ಕಳಿಸಬಹುದು. ನಿಮ್ಮ ಭಾಗದ ಕಮಿಷನರ್‌ಗೆ ಒಂದು ಫೋನ್ ಮಾಡಿ. ಅವರು ಸಿಗುತ್ತಾರೆ, ಕೇಳಿಸಿಕೊಳ್ಳುತ್ತಾರೆ.

ಹೆಜ್ಜೆ 4: ಆ 30 ದಿನ

ಇಡೀ ಲೇಖನದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ನನಗೆ ಸಂತೋಷ.

ಟಿಸಿಇಕ್ಯೂ ಪಿಟಿಷನ್ ತೆಗೆದುಕೊಂಡ ಮೇಲೆ ಕೌಂಟಿಯಲ್ಲಿ ಓಡಾಡುವ ಪತ್ರಿಕೆಯಲ್ಲಿ ಎರಡು ವಾರ, ವಾರಕ್ಕೊಮ್ಮೆ, ನೋಟಿಸ್ ಬರುತ್ತದೆ. ಕೋರ್ಟ್‌ಹೌಸಿನ ನೋಟಿಸ್ ಬೋರ್ಡಿಗೂ ಹಾಕುತ್ತಾರೆ. ನಮ್ಮಲ್ಲಿ ಎಷ್ಟು ಜನ ಆ ಪತ್ರಿಕೆ ತರಿಸುತ್ತೇವೆ? ಕೋರ್ಟ್‌ಹೌಸಿನ ಬೋರ್ಡ್ ನೋಡಲು ಯಾರು ಹೋಗುತ್ತಾರೆ? ಹಾಗಾಗಿ ಪಕ್ಕದ ಜಮೀನಿನಲ್ಲಿ ಸರ್ವೆಯವರ ಗುಲಾಬಿ ರಿಬ್ಬನ್ ಕಟ್ಟಿದ ಗೂಟಗಳು ಕಂಡ ದಿನದಿಂದಲೇ ವಾರಕ್ಕೊಮ್ಮೆ ಪತ್ರಿಕೆಯ ವೆಬ್‌ಸೈಟಿನ ಲೀಗಲ್ ನೋಟಿಸ್ ನೋಡಿ.

ಪ್ರಕಟಣೆಯಾದ 30 ದಿನದೊಳಗೆ ಆಸ್ಟಿನ್‌ನಲ್ಲಿರುವ ಟಿಸಿಇಕ್ಯೂ ಚೀಫ್ ಕ್ಲರ್ಕ್ ಕಚೇರಿಗೆ ನಿಮ್ಮ ಬರಹ ತಲುಪಬೇಕು. ಅದರಲ್ಲಿ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್, ಅರ್ಜಿದಾರರ ಹೆಸರು, ಪಿಟಿಷನ್ ನಂಬರ್ ಇರಬೇಕು. ‘ನಾನು ಕಂಟೆಸ್ಟೆಡ್ ಕೇಸ್ ಹಿಯರಿಂಗ್ ಕೇಳುತ್ತಿದ್ದೇನೆ’ ಅನ್ನುವ ಸಾಲು ಇರಲೇಬೇಕು. ಅಂದರೆ ಎರಡೂ ಕಡೆಯ ವಾದ, ಸಾಕ್ಷಿ ಕೇಳುವ ವಿಚಾರಣೆ. ಬರೀ ವಿರೋಧ ಇದೆ ಅಂತ ಬರೆದರೆ ಅದು ಅಭಿಪ್ರಾಯ ಆಗುತ್ತದೆ, ವಿಚಾರಣೆಯ ಬೇಡಿಕೆ ಆಗುವುದಿಲ್ಲ. ನಿಮ್ಮ ಜಮೀನು ಗೆರೆಯಿಂದ ಯಾವ ದಿಕ್ಕಿಗೆ, ಎಷ್ಟು ದೂರ ಅಂತ ತಿಳಿಸಬೇಕು. ಇದರಿಂದ ಊರಿನವರಿಗೆಲ್ಲ ಆಗುವ ತೊಂದರೆ ಬಿಟ್ಟು ನಿಮಗೇ ಆಗುವ ತೊಂದರೆ ಏನು ಅನ್ನುವುದನ್ನು ಬಿಡಿಸಿ ಬರೆಯಬೇಕು. ಗಡಿ ಹೀಗೆ ಬದಲಾಯಿಸಿ ಅಂತ ನಿಮ್ಮ ಸಲಹೆಯನ್ನೂ ಕೊಡಬಹುದು.

ನಿಮಗೇ ಆಗುವ ತೊಂದರೆ ಏನು ಅನ್ನುವ ಅಂಶದಲ್ಲೇ ಬಹಳ ಅರ್ಜಿಗಳು ಸೋಲುತ್ತವೆ. “ಟ್ರಾಫಿಕ್ ಜಾಸ್ತಿ ಆಗುತ್ತೆ, ಹಳ್ಳಿಯ ವಾತಾವರಣ ಹಾಳಾಗುತ್ತೆ” ಅಂದರೆ ಅದು ಎಲ್ಲರದ್ದೂ. ಟಿಸಿಇಕ್ಯೂ ಕಾನೂನಿನಂತೆ ನೋಡುವುದು ಈ ವಿಷಯಗಳನ್ನು: ಹತ್ತಿರದಲ್ಲಿ ಬೇರೆ ಯಾರಾದರೂ ಇದೇ ಸೇವೆ ಕೊಡಬಲ್ಲರಾ, ಅಂದಾಜು ಖರ್ಚು ಮತ್ತು ತೆರಿಗೆ ದರ ಹದವಾಗಿವೆಯಾ, ನೆಲ ಕುಸಿಯುತ್ತದಾ, ಅಂತರ್ಜಲ ಇಳಿಯುತ್ತದಾ, ಮಳೆನೀರು ಹರಿಯುವ ರೀತಿ ಬದಲಾಗುತ್ತದಾ, ನೀರಿನ ಗುಣಮಟ್ಟ ಕೆಡುತ್ತದಾ. ನಿಮ್ಮ ತೊಂದರೆ ಇದರಲ್ಲಿ ಯಾವುದಕ್ಕೆ ಸೇರುತ್ತದೋ ಅದನ್ನೇ ಹಿಡಿದು ಬರೆಯಿರಿ. ‘ನನ್ನ ಬೋರ್‌ವೆಲ್ ಇಷ್ಟು ಅಡಿ ಆಳ, ಗೆರೆಯಿಂದ ಇಷ್ಟು ಅಡಿ ದೂರ, ಮನೆಗೆ ಬೇರೆ ನೀರಿಲ್ಲ’ ಅನ್ನುವ ಒಂದು ಸಾಲು ಎರಡು ಪುಟದ ಕೋಪಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಹ್ಯೂಸ್ಟನ್ ಸುತ್ತ ನೆಲ ಕುಸಿಯುವುದು ಬರೀ ಮಾತಲ್ಲ. ಬೋರ್‌ವೆಲ್ ನೀರು ಎತ್ತಿ ಎತ್ತಿ ನೆಲ ಕುಸಿದಿದ್ದಕ್ಕೇ 1975ರಲ್ಲಿ ಹ್ಯಾರಿಸ್-ಗ್ಯಾಲ್ವೆಸ್ಟನ್ ಸಬ್ಸಿಡೆನ್ಸ್ ಡಿಸ್ಟ್ರಿಕ್ಟ್ ಮಾಡಿದರು.

ಪಿಟಿಷನ್ ಜೊತೆ ಕೊಟ್ಟ ಎಂಜಿನಿಯರಿಂಗ್ ವರದಿ, ಮಾರುಕಟ್ಟೆ ಅಧ್ಯಯನ ಎರಡೂ ಸಾರ್ವಜನಿಕ ದಾಖಲೆ. ಕೇಳಿದರೆ ಕೊಡಬೇಕು. ಎಂಜಿನಿಯರಿಂಗ್ ವರದಿಯಲ್ಲಿ ನೀರು ಎಲ್ಲಿಂದ, ಕೊಳಚೆ ನೀರು ಯಾವ ಹಳ್ಳಕ್ಕೆ, ಒಟ್ಟು ಖರ್ಚೆಷ್ಟು, ತೆರಿಗೆ ದರ ಎಷ್ಟು ಬರಬಹುದು ಎಲ್ಲ ಸಿಗುತ್ತದೆ.

ಹೆಜ್ಜೆ 5: ಬಾಂಡ್ ಚುನಾವಣೆಗೆ ಮುಂಚೆ ಹೊರಗೆ ಬರುವುದು

ಮಡ್ ಮಂಜೂರಾದ ಮೇಲೆ ಟಿಸಿಇಕ್ಯೂ ಐದು ಜನ ತಾತ್ಕಾಲಿಕ ನಿರ್ದೇಶಕರನ್ನು ನೇಮಿಸುತ್ತದೆ. ಅವರು ಟೆಕ್ಸಾಸ್ ನಿವಾಸಿಗಳಾಗಿರಬೇಕು, ಮಡ್ ಒಳಗೆ ಜಮೀನು ಇರಬೇಕು ಅಥವಾ ಅಲ್ಲಿಯ ಮತದಾರರಾಗಿರಬೇಕು. ಇಲ್ಲಿಯ ತನಕ ನಿಮ್ಮ ಜಮೀನು ಗೆರೆಯೊಳಗೇ ಉಳಿದಿದ್ದರೆ ಇನ್ನೂ ಒಂದು ಬಾಗಿಲು ತೆರೆದಿದೆ. ಬಾಂಡಿಗೆ ಮತದಾರರ ಒಪ್ಪಿಗೆ ಸಿಗುವ ಮುಂಚೆ ಜಮೀನು ಮಾಲೀಕರು ಬರಹದಲ್ಲಿ ಕೇಳಿದರೆ, ಹೊರಗಿಡುವ ಬಗ್ಗೆ ಬೋರ್ಡ್ ವಿಚಾರಣೆ ನಡೆಸಲೇಬೇಕು. ನಮ್ಮ ಜಮೀನಿಗೆ ಈ ಸೇವೆಯಿಂದ ಪ್ರಯೋಜನವಿಲ್ಲ, ಒಳಗಿಟ್ಟರೆ ಸುಮ್ನೆ ತೆರಿಗೆಯ ಹೊರೆ ಅಂತ ಆಧಾರದ ಜೊತೆ ತೋರಿಸಬೇಕು. ಬಾಂಡ್ ಮಂಜೂರಾದ ಮೇಲೆ ಈ ಬಾಗಿಲು ಬಹಳ ಕಿರಿದಾಗುತ್ತದೆ. ಸಾಲ ಕೊಟ್ಟವರಿಗೆ ಭದ್ರತೆಯೇ ಆ ಜಮೀನು ಅಲ್ವಾ, ಬಿಡುವುದು ಸುಲಭವಲ್ಲ.

ಗೆಳೆಯರ ವಿಷಯದಲ್ಲಿ ಇಷ್ಟು ದೂರ ಹೋಗಬೇಕಾಗಲಿಲ್ಲ. ‘ನಮ್ಮ ಜಮೀನು ಯಾಕೆ ಬೇಕು’ ಅನ್ನುವ ಮೊದಲ ಪ್ರಶ್ನೆಯಲ್ಲೇ ವಿಷಯ ಹೊರಬಂತು. ಪಕ್ಕದ ಜಮೀನಿನವರಿಗೆ ಬೇಕಿದ್ದದ್ದು ಒಂಬತ್ತು ಎಕರೆ ಅಲ್ಲ. ಹಳ್ಳದ ಕಡೆಗೆ ಪೈಪು ಒಯ್ಯಲು ಕೆಳಗಿನ ಬೇಲಿಯ ಪಕ್ಕ ಇಪ್ಪತ್ತು ಅಡಿ ಅಗಲದ ಪಟ್ಟಿ. ಕೊನೆಗೆ ಗೆರೆಯನ್ನು ಇವರ ಜಮೀನಿನಿಂದಾಚೆ ಸರಿಸಿದರು, ಪಟ್ಟಿಗೆ ಹಣ ಕೊಟ್ಟು, ಅಲ್ಲಿ ಪೈಪು ಒಯ್ಯುವ ಹಕ್ಕು ಮಾತ್ರ ಕೊಡುವ ಈಸ್‌ಮೆಂಟ್ ಬರೆಸಿಕೊಂಡರು. ಕೆಲಸ ಮುಗಿದ ಮೇಲೆ ಮಣ್ಣು ಸಮ ಮಾಡಿ ಹುಲ್ಲು ಬಿತ್ತಿಕೊಡಬೇಕು, ಬೇಲಿ ಮೊದಲಿದ್ದ ಹಾಗೆ ಕಟ್ಟಬೇಕು, ಪೈಪು ಹಾಕುವಾಗ ಹಸುಗಳಿಗೆ ತಾತ್ಕಾಲಿಕ ಬೇಲಿ ಬೇಕು ಅಂತಲೂ ಬರೆಸಿದರು. ಆ ಕೊನೆಯದು ನಮಗ್ಯಾರಿಗೂ ಹೊಳೆದಿರಲಿಲ್ಲ, ಅವರ ಮನೆಯವರು ಹೇಳಿದ್ದು.

ಮಾತುಕತೆಯಲ್ಲಿ ಬಗೆಹರಿಯದೆ ಸ್ವಾಧೀನದ ನೋಟಿಸೇ ಬಂದರೆ, ಜೊತೆಗೆ ರಾಜ್ಯದ ‘ಲ್ಯಾಂಡ್‌ಓನರ್ಸ್ ಬಿಲ್ ಆಫ್ ರೈಟ್ಸ್’ ಪ್ರತಿ ಕೊಡಬೇಕು. ಮೊದಲ ಬೆಲೆ ಹೇಳಿದ 30 ದಿನ ಆದ ಮೇಲೆಯೇ ಕೊನೆಯ ಬೆಲೆ ಹೇಳಬಹುದು, ಅದಕ್ಕೆ ಉತ್ತರಿಸಲು ನಿಮಗೆ ಕನಿಷ್ಠ 14 ದಿನ ಸಿಗಬೇಕು. ಒಪ್ಪದಿದ್ದರೆ ನ್ಯಾಯಾಧೀಶರು ನೇಮಿಸುವ ಮೂವರು ಕಮಿಷನರ್‌ಗಳ ಮುಂದೆ ಪರಿಹಾರದ ವಿಚಾರಣೆ. ಮೊದಲ ಬೆಲೆಗೇ ಹೂಂ ಅನ್ನಬೇಡಿ.

ಹೆಜ್ಜೆ 6: ಚುನಾವಣೆಯಲ್ಲಿ ಯಾರು ಓಟು ಹಾಕುತ್ತಾರೆ

ಮಡ್ ಖಾಯಂ ಆಗಲು, ಬಾಂಡ್ ಮತ್ತು ತೆರಿಗೆ ಅಧಿಕಾರಕ್ಕೆ, ಮಡ್ ಒಳಗೆ ವಾಸವಿರುವ ಮತದಾರರ ಒಪ್ಪಿಗೆ ಬೇಕು. ಗಮನಿಸಿ, ವಾಸವಿರುವವರ ಒಪ್ಪಿಗೆ, ಜಮೀನು ಇರುವವರದ್ದಲ್ಲ. ನೀವು ಹತ್ತು ಎಕರೆ ಇಟ್ಟುಕೊಂಡು ಬೇರೆ ಊರಲ್ಲಿದ್ದರೆ ನಿಮಗೆ ಓಟಿಲ್ಲ. ಖಾಲಿ ಜಮೀನಿನಲ್ಲಿ ಮತದಾರರು ಎಲ್ಲಿಂದ ಬರುತ್ತಾರೆ? ಮೊಬೈಲ್ ಹೋಮ್ ಒಂದನ್ನು ತಂದು ನಿಲ್ಲಿಸಿ, ಅದರಲ್ಲಿ ಒಂದಿಬ್ಬರು ಬಂದು ನೆಲೆಸಿ, ಆ ಒಂದಿಬ್ಬರ ಓಟಿನಲ್ಲೇ ಕೋಟಿಗಟ್ಟಲೆ ಡಾಲರ್ ಬಾಂಡ್ ಮಂಜೂರಾದ ಉದಾಹರಣೆಗಳು ಟೆಕ್ಸಾಸ್‌ನಲ್ಲಿ ಬಹಳ ಇವೆ. ಪತ್ರಿಕೆಗಳು ವರ್ಷಗಳಿಂದ ಬರೆಯುತ್ತಿವೆ. ಕಾನೂನಿನೊಳಗೇ ನಡೆಯುತ್ತದೆ. ಆದರೂ ಮುಂದೆ ಬರುವ ಸಾವಿರ ಮನೆಗಳ ತೆರಿಗೆಯನ್ನು ಇಬ್ಬರು ತೀರ್ಮಾನಿಸುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಹೆಜ್ಜೆ 7: ಮನೆ ಕೊಳ್ಳುವವರಿಗೆ, ತೆರಿಗೆಯ ಲೆಕ್ಕ

ಇಲ್ಲಿ ನನ್ನದೇ ಕಥೆ. ನಮ್ಮ ಮನೆ ರಿಜಿಸ್ಟರ್ ಆಗುವ ದಿನ ಒಂದು ಗಂಟೆಯಲ್ಲಿ ನೂರಕ್ಕೂ ಹೆಚ್ಚು ಪುಟಕ್ಕೆ ಸಹಿ ಹಾಕಿದೆ. ಮಡ್ ನೋಟಿಸ್ ಅದರಲ್ಲಿತ್ತು. ಪಕ್ಕದಲ್ಲಿ ಕೂತ ಏಜೆಂಟ್ “ಇದು ಮಾಮೂಲಿ” ಅಂದರು, ನಾನು ಪುಟ ತಿರುಗಿಸಿದೆ.

ಮೊದಲ ವರ್ಷದ ತೆರಿಗೆ ಬಹಳ ಕಡಿಮೆ ಬಂತು. ಖುಷಿಯಾಯಿತು. ಕಾರಣ ಗೊತ್ತಿರಲಿಲ್ಲ. ಟೆಕ್ಸಾಸ್‌ನಲ್ಲಿ ಬೆಲೆ ಕಟ್ಟುವುದು ಜನವರಿ 1ರಂದು ಆಸ್ತಿ ಹೇಗಿತ್ತೋ ಅದಕ್ಕೆ. ಅವತ್ತು ನಮ್ಮದು ಖಾಲಿ ಸೈಟು. ಲೆಕ್ಕ ಹೀಗೆ: 60,000 ಡಾಲರ್ ಸೈಟಿಗೆ ಎಲ್ಲ ತೆರಿಗೆ ಸೇರಿ ನೂರಕ್ಕೆ 3 ಡಾಲರ್ ಅಂದರೆ 1,800. ಮರುವರ್ಷ ಮನೆ ಸೇರಿ 3,80,000. ಅದೇ ದರಕ್ಕೆ 11,400. ವಿನಾಯಿತಿ ಕಳೆದರೂ ತೆರಿಗೆಗೆ ಅಂತ ಬ್ಯಾಂಕು ಕಂತಿನ ಜೊತೆ ಹಣ ಕೂಡಿಡುವ ಎಸ್ಕ್ರೋ ಖಾತೆಯಲ್ಲಿ ದೊಡ್ಡ ಕೊರತೆ ಬಿತ್ತು, ತಿಂಗಳ ಕಂತು ನೂರಾರು ಡಾಲರ್ ಏರಿತು. ಆ ತಿಂಗಳು ಊರಿಗೆ ಟಿಕೆಟ್ ತೆಗೆಯಬೇಕಿತ್ತು, ಆಗಲಿಲ್ಲ.

ಹಾಗಾಗಿ ಕೊಳ್ಳುವ ಮುಂಚೆ ಇದನ್ನು ಮಾಡಿ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಮಾರುವವರು ಮಡ್ ನೋಟಿಸ್ ಕೊಡಬೇಕು ಅಂತ ವಾಟರ್ ಕೋಡ್‌ನ 49.452ನೇ ಕಲಮು ಹೇಳುತ್ತದೆ. ಕೊಡದಿದ್ದರೆ ಒಪ್ಪಂದದಿಂದ ಹೊರಬರುವ ಹಕ್ಕು ನಿಮಗಿದೆ. ನೋಟಿಸಿನಲ್ಲಿ ಮೂರು ಅಂಕಿ ಹುಡುಕಿ: ಈಗಿನ ತೆರಿಗೆ ದರ, ಮತದಾರರು ಒಪ್ಪಿದ ಬಾಂಡ್ ಮೊತ್ತ, ಇಲ್ಲಿಯ ತನಕ ಮಾರಿದ ಬಾಂಡ್ ಮೊತ್ತ. ಒಪ್ಪಿದ್ದಕ್ಕೂ ಮಾರಿದ್ದಕ್ಕೂ ದೊಡ್ಡ ಅಂತರವಿದ್ದರೆ ಇನ್ನೂ ಸಾಲ ಬರಲಿದೆ ಅಂತ ಅರ್ಥ. ಹೊಸ ಮಡ್‌ಗಳಲ್ಲಿ ನೂರು ಡಾಲರ್ ಬೆಲೆಗೆ ಒಂದು ಡಾಲರ್ ಮೇಲೆ ದರ ಇರುವುದು ಸಾಮಾನ್ಯ. ಮನೆಗಳು ಜಾಸ್ತಿಯಾಗಿ, ಸಾಲ ತೀರುತ್ತಾ ಬಂದ ಹಳೆಯ ಮಡ್‌ಗಳಲ್ಲಿ ಬಹಳ ಇಳಿದಿರುತ್ತದೆ. 3,80,000 ಡಾಲರ್ ಮನೆಗೆ 1.15 ದರ ಅಂದರೆ ವರ್ಷಕ್ಕೆ 4,370, ತಿಂಗಳಿಗೆ 364. ಇದು ಶಾಲೆ, ಕೌಂಟಿ ತೆರಿಗೆಗಳನ್ನು ಬಿಟ್ಟು.

ಸ್ವಂತ ವಾಸದ ಮನೆಗೆ ಸಿಗುವ ಹೋಂಸ್ಟೆಡ್ ವಿನಾಯಿತಿ ಇದೆಯಲ್ಲ ಅನ್ನಬಹುದು. 2023ರಲ್ಲಿ 1,00,000 ಡಾಲರ್‌ಗೆ, 2025ರಲ್ಲಿ 1,40,000ಕ್ಕೆ ಏರಿದ ಆ ದೊಡ್ಡ ವಿನಾಯಿತಿ ಶಾಲೆಯ ತೆರಿಗೆಗೆ ಮಾತ್ರ. ಮಡ್ ಬೇಕಾದರೆ ತನ್ನದೊಂದು ವಿನಾಯಿತಿ ಕೊಡಬಹುದು, ಕೊಡಲೇಬೇಕೆಂದಿಲ್ಲ. ಬಾಂಡ್ ತೀರಿಸುವ ತೆರಿಗೆ ದರಕ್ಕೆ ಕಾನೂನಿನಲ್ಲಿ ಮೇಲ್ಮಿತಿಯೂ ಸಾಮಾನ್ಯವಾಗಿ ಇರುವುದಿಲ್ಲ. ಅಂದುಕೊಂಡಷ್ಟು ಮನೆ ಏಳದಿದ್ದರೆ ಇದ್ದವರ ಮೇಲೆ ಹೊರೆ. 1980ರ ದಶಕದಲ್ಲಿ ತೈಲದ ಬೆಲೆ ಬಿದ್ದು ಹ್ಯೂಸ್ಟನ್‌ನಲ್ಲಿ ಮನೆ ಮಾರಾಟ ನಿಂತಾಗ ಕೆಲವು ಮಡ್‌ಗಳು ಬಾಂಡಿನ ಕಂತು ಕಟ್ಟಲಾಗದೆ ಕೂತವು. ಲೇಔಟಿನಲ್ಲಿ ಎಷ್ಟು ಮನೆ ತುಂಬಿವೆ ಅಂತ ಸಂಜೆ ಹೊತ್ತು ಒಂದು ಸುತ್ತು ಹಾಕಿ ದೀಪ ಎಣಿಸಿ ಬನ್ನಿ.

ತೆರಿಗೆ ಪಟ್ಟಿಯಲ್ಲಿ ಮಡ್ ಜೊತೆ ಎಲ್‌ಐಡಿ ಅಂತ ಇನ್ನೊಂದು ಸಾಲು ಇದ್ದರೆ ಅದು ಪ್ರವಾಹದ ಒಡ್ಡಿನ ಡಿಸ್ಟ್ರಿಕ್ಟ್. ಫೋರ್ಟ್ ಬೆಂಡ್ ಕೌಂಟಿಯಲ್ಲಿ ಇಂಥವು ಇವೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ಅಪ್ರೈಸಲ್ ಬೆಲೆ ಜಾಸ್ತಿ ಅನಿಸಿದರೆ ಮೇ 15ರೊಳಗೆ, ಇಲ್ಲವೇ ನೋಟಿಸ್ ಬಂದ 30 ದಿನದೊಳಗೆ, ಯಾವುದು ಆಮೇಲೋ ಅಷ್ಟರೊಳಗೆ ತಕರಾರು ಹಾಕಿ. ತೆರಿಗೆ ಕಟ್ಟಲು ಕೊನೆಯ ದಿನ ಜನವರಿ 31.

ಹೆಜ್ಜೆ 8: ಬೋರ್ಡ್ ಮೀಟಿಂಗಿಗೆ ಹೋಗಿ

ಮಡ್ ಬೋರ್ಡಿನ ಮೀಟಿಂಗ್ ಯಾರು ಬೇಕಾದರೂ ಹೋಗಬಹುದಾದದ್ದು. ಅಜೆಂಡಾದಲ್ಲಿರುವ ವಿಷಯದ ಮೇಲೆ ಮಾತಾಡಲು ಸಾರ್ವಜನಿಕರಿಗೆ ಅವಕಾಶ ಕೊಡಲೇಬೇಕು ಅಂತ 2019ರ ಕಾನೂನು ಹೇಳುತ್ತದೆ. ಎಚ್-1ಬಿ, ಗ್ರೀನ್ ಕಾರ್ಡಿನಲ್ಲಿರುವ ನಮ್ಮವರಿಗೆ ಓಟಿಲ್ಲ, ತೆರಿಗೆ ಮಾತ್ರ ಇದೆ. ಆದರೆ ಮಾತಾಡಲು ನಾಗರಿಕತ್ವ ಬೇಡ. ನಾನು ಮೊದಲ ಸಲ ಹೋದಾಗ ಮೀಟಿಂಗ್ ಇದ್ದದ್ದು ಮೂವತ್ತು ಮೈಲಿ ದೂರದ ವಕೀಲರ ಆಫೀಸಿನಲ್ಲಿ, ಮಧ್ಯಾಹ್ನ. ಉದ್ದನೆಯ ಟೇಬಲ್, ಐದು ನಿರ್ದೇಶಕರು, ಎಂಜಿನಿಯರ್, ಲೆಕ್ಕಪತ್ರದವರು. ನಮ್ಮ ಲೇಔಟಿನಿಂದ ಬಂದಿದ್ದವನು ನಾನೊಬ್ಬನೇ. ಒಬ್ಬ ನಿರ್ದೇಶಕರು ಎದ್ದು ಬಂದು ಕುರ್ಚಿ ಕೊಟ್ಟು, “ವರ್ಷಗಳಿಂದ ಯಾರೂ ಬಂದಿರಲಿಲ್ಲ” ಅಂದರು.

ದೂರ ಅಂತ ಬಿಡಬೇಡಿ. ಮಡ್ ಒಳಗೆ 50 ಮತದಾರರು ವಾಸವಿದ್ದರೆ, ಅವರಲ್ಲಿ ಐದು ಜನ ಬರಹದಲ್ಲಿ ಕೇಳಿದರೆ ಮೀಟಿಂಗನ್ನು ಮಡ್ ಒಳಗೇ ನಡೆಸಬೇಕು. ಒಳಗೆ ಸರಿಯಾದ ಜಾಗ ಇಲ್ಲದಿದ್ದರೆ ಗಡಿಯಿಂದ ಹತ್ತು ಮೈಲಿ ದಾಟುವ ಹಾಗಿಲ್ಲ. ನಾಗರಿಕರಾದ ಐದು ನೆರೆಹೊರೆಯವರ ಸಹಿ ಒಂದು ಸಂಜೆಯ ಕೆಲಸ. ಮೀಟಿಂಗಿನಲ್ಲಿ ಕೇಳಬೇಕಾದ್ದು: ಮುಂದಿನ ಬಾಂಡ್ ಯಾವಾಗ, ಹಳೆಯ ಬಾಂಡನ್ನು ಕಡಿಮೆ ಬಡ್ಡಿಗೆ ಬದಲಾಯಿಸಬಹುದಾ, ಡೆವಲಪರ್‌ಗೆ ಇನ್ನೆಷ್ಟು ಕೊಡಬೇಕಿದೆ. ನಿರ್ದೇಶಕರ ಅವಧಿ ನಾಲ್ಕು ವರ್ಷ. ಎದುರಾಳಿ ಇಲ್ಲದಿದ್ದರೆ ಚುನಾವಣೆಯೇ ರದ್ದಾಗುತ್ತದೆ. ನಾಗರಿಕತ್ವ ಪಡೆದವರು ದಯವಿಟ್ಟು ನಿಲ್ಲಿ.

ಗೆರೆಯ ಹೊರಗಿನವರಿಗೆ

ಹೊರಗಿದ್ದರೆ ತೆರಿಗೆ ಇಲ್ಲ, ನೀರು ಮಾತ್ರ ನಿಮ್ಮ ಕಡೆಗೇ ಬರಬಹುದು. ನಾನೂರು ಎಕರೆ ಹುಲ್ಲುಗಾವಲು ಸೂರು, ಕಾಂಕ್ರೀಟು ಆದಾಗ ಮಳೆನೀರು ಬೇಗ ಹರಿಯುತ್ತದೆ. ಸಹಜವಾಗಿ ಹರಿಯುವ ನೀರನ್ನು ತಿರುಗಿಸಿ ಅಥವಾ ತಡೆದು ಪಕ್ಕದವರ ಆಸ್ತಿಗೆ ಹಾನಿ ಮಾಡುವಂತಿಲ್ಲ ಅಂತ ವಾಟರ್ ಕೋಡ್‌ನ 11.086ನೇ ಕಲಮು ಹೇಳುತ್ತದೆ. ಆದರೆ ಮೊದಲು ಹೇಗಿತ್ತು ಅಂತ ತೋರಿಸಲು ನಿಮ್ಮ ಹತ್ತಿರ ಸಾಕ್ಷಿ ಬೇಕು. ಕೆಲಸ ಶುರುವಾಗುವ ಮುಂಚೆಯೇ ಜೋರು ಮಳೆಯ ದಿನ ಫೋಟೋ, ವಿಡಿಯೋ ತೆಗೆದಿಡಿ. ಕೊಳಚೆ ನೀರು ಶುದ್ಧ ಮಾಡಿ ಹಳ್ಳಕ್ಕೆ ಬಿಡಲು ಟಿಸಿಇಕ್ಯೂನಿಂದ ಬೇರೆಯೇ ಪರ್ಮಿಟ್ ಬೇಕು. ಅದಕ್ಕೂ ನೋಟಿಸ್ ಬರುತ್ತದೆ. ಮಡ್ ಪಿಟಿಷನ್‌ಗೆ ಬರೆದ ಆಕ್ಷೇಪ ಅದಕ್ಕೆ ಲೆಕ್ಕಕ್ಕಿಲ್ಲ, ಮತ್ತೆ ಬರೆಯಬೇಕು.

ಗೆಳೆಯರು ಈಗ ಕೆಳಗಿನ ಬೇಲಿಯ ಹತ್ತಿರ ಒಂದು ಮಳೆ ಮಾಪಕ ನಿಲ್ಲಿಸಿದ್ದಾರೆ. ಹಳ್ಳದ ದಂಡೆಯಲ್ಲಿ ಒಂದು ಮರದ ಗೂಟ ನೆಟ್ಟು ಅಡಿ ಅಡಿಗೆ ಕೆಂಪು ಬಣ್ಣದ ಗೆರೆ ಹಾಕಿದ್ದಾರೆ. ಮಳೆ ನಿಂತ ಮೇಲೆ ಮಗಳು ಹೋಗಿ ಫೋಟೋ ತೆಗೆದು, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಎಷ್ಟು ಇಂಚು ಮಳೆ, ನೀರು ಯಾವ ಗೆರೆಗೆ ಬಂತು ಅಂತ ಬರೆದಿಡುತ್ತಾಳೆ. ಪಕ್ಕದ ಜಮೀನಿನಲ್ಲಿ ಬುಲ್ಡೋಜರ್ ಬರುವ ಹೊತ್ತಿಗೆ ಅವರ ಹತ್ತಿರ ಹನ್ನೊಂದು ಮಳೆಯ ಲೆಕ್ಕ ಇತ್ತು.